ಅಪ್‌ಡೇಟ್: ಪದ್ಮಿನಿಯ ಬಲಗಡೆ ಇಂಡಿಕೇಟರ್ ಕೊನೆಗೂ ಮಿಣುಕಿತು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಬಲಗಡೆ ಇಂಡಿಕೇಟರ್ ಉರಿಯುತ್ತದೆ, ಆದರೆ ಮಿಣುಕುವುದಿಲ್ಲ, ತಿರುವು ಮುಗಿದ ಮೇಲೆ ಇಂಡಿಕೇಟರ್ ಕಡ್ಡಿ ತಾನಾಗಿ ವಾಪಸ್ ಬರುವುದೂ ಇಲ್ಲ ಅಂತ. ಎರಡೂ ಸರಿಯಾಯಿತು.

ಮೊದಲು ಫ್ಲಾಷರ್ (ಎರಡೂ ಕಡೆಯ ದೀಪ ಮಿಣುಕಿಸುವ ಪುಟ್ಟ ಡಬ್ಬಿ) ಬದಲಿಸಿದೆ. ದುಡ್ಡು ದಂಡ. ಎಡಗಡೆ ಚೆನ್ನಾಗಿ ಮಿಣುಕುತ್ತಿದೆ ಅಂದರೆ ಫ್ಲಾಷರ್ ಸರಿಯಿದೆ ಎಂದೇ ಅರ್ಥ, ಅಲ್ವಾ? ಆಗ ಹೊಳೆಯಲಿಲ್ಲ. ಕೆಲಸಕ್ಕೆ ಬಂದಿದ್ದು "ಅರ್ಥಿಂಗ್ ನೋಡಿ" ಎಂದವರ ಮಾತು. ಅರ್ಥಿಂಗ್ ಅಂದರೆ ಕರೆಂಟು ದೀಪದಿಂದ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಮುಂದಿನ ದೀಪದ ಹೋಲ್ಡರ್ ಬುಡದಲ್ಲಿ ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿದೆ, ಅಷ್ಟೇ. ಈ ಹಳೇ ಫ್ಲಾಷರ್ ಒಳಗೆ ಕರೆಂಟಿಗೆ ಬಿಸಿಯಾಗಿ ಬಾಗುವ ಲೋಹದ ಪಟ್ಟಿ ಇರುತ್ತದೆ. ಮುಂದಿನದು, ಹಿಂದಿನದು, 21 ವ್ಯಾಟಿನ ಎರಡೂ ಬಲ್ಬು ಸೇರಿ ಸುಮಾರು 3.5 ಆಂಪಿಯರ್ ಎಳೆದರೇನೇ ಅದು ಕುಣಿಯುವುದು. ತುಕ್ಕಿನಿಂದಾಗಿ ಅಷ್ಟು ಕರೆಂಟು ಹರಿಯುತ್ತಿರಲಿಲ್ಲ. ಸುಮ್ನೆ ಎಲ್‌ಇಡಿ ಬಲ್ಬು ಹಾಕಿದರೂ ಕರೆಂಟು ಕಮ್ಮಿಯಾಗಿ ಇದೇ ಗೋಳು.

ಕಡ್ಡಿಯದು ನನ್ನದೇ ಎಡವಟ್ಟು. ಸ್ವಿಚ್ಚೇ ಹೊಸದು ಹಾಕಿ ಅಂದವರಿದ್ದರು, ಬೇಕಾಗಲಿಲ್ಲ. ಹಿಂದೊಮ್ಮೆ ಸ್ಟೀರಿಂಗ್ ಬಿಚ್ಚಿದಾಗ ಗುರುತು ಹಾಕಿಕೊಳ್ಳದೆ ಕೂರಿಸಿದ್ದೆ. ಹಾಗಾಗಿ ಸ್ಟೀರಿಂಗ್ ಜೊತೆ ತಿರುಗಿ ಕಡ್ಡಿಯನ್ನು ವಾಪಸ್ ತಳ್ಳುವ ಗುಬುಟು ತನ್ನ ಜಾಗದಲ್ಲಿರಲಿಲ್ಲ. ಮುಂದಿನ ಚಕ್ರ ನೇರ ಇಟ್ಟು ಮತ್ತೆ ಕೂರಿಸಿದೆ. ಈಗ ಟಕ್ ಅಂತ ಬರುತ್ತದೆ.