ಸಹಾಯ ಬೇಕು: ಸಿರೋಸಿಸ್ ಇರುವ ಅಣ್ಣನಿಗೆ ಸ್ಪ್ಲೀನ್ ತೆಗೆಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಹೆಪಟೈಟಿಸ್ ಬಿ ಸೋಂಕಿನಿಂದ ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಆಗಿದ್ದು, ಕರುಳು ಮತ್ತು ಗುಲ್ಮದಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಗುಲ್ಮ, ಅಂದರೆ ಸ್ಪ್ಲೀನ್, ಬಹಳ ದೊಡ್ಡದಾಗಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತಿದೆ. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕಾದ ಎಣಿಕೆ ಅವರಿಗೆ 40 ಸಾವಿರಕ್ಕಿಂತ ಕೆಳಗಿಳಿದಿದೆ. ಹಲ್ಲುಜ್ಜಿದಾಗಲೆಲ್ಲ ಒಸಡಿನಿಂದ ರಕ್ತ ಬರುತ್ತದೆ. ಎಡ ಪಕ್ಕೆಲುಬಿನ ಕೆಳಗೆ ಸದಾ ಭಾರ, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುತ್ತದೆ.

ಒಬ್ಬ ಶಸ್ತ್ರವೈದ್ಯರು ಗುಲ್ಮವನ್ನು ತೆಗೆಯಬಹುದು ಎಂದಿದ್ದಾರೆ. ಪ್ಲೇಟ್‌ಲೆಟ್ ಏರಬಹುದೆಂಬ ಆಸೆ ನಮಗಿದೆ, ಆದರೆ ಶಸ್ತ್ರಚಿಕಿತ್ಸೆಯ ನಂತರ ಪೋರ್ಟಲ್ ರಕ್ತನಾಳದಲ್ಲಿಯೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದೂ, ಹಾಗಾದರೆ ಮುಂದೆ ಲಿವರ್ ಕಸಿ ಮಾಡಿಸುವುದು ಕಷ್ಟವಾಗಬಹುದೆಂದೂ ತಿಳಿದ ಮೇಲೆ ನಿದ್ದೆ ಬರುತ್ತಿಲ್ಲ. ಕಸಿಯ ದಾರಿ ಮುಚ್ಚಿಹೋಗುವುದೇ ನನ್ನ ದೊಡ್ಡ ಭಯ.

ಇಂಥದೇ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಥವಾ ಅವರನ್ನು ನೋಡಿಕೊಂಡವರು ದಯವಿಟ್ಟು ತಿಳಿಸಿ: ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿದ್ದರೇ, ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಮಾಡಿಸಿದರು, ಹೊಟ್ಟೆಯಲ್ಲಿ ನೀರು ತುಂಬಿತೇ? ಪೂರ್ತಿ ತೆಗೆಯದೆ, ಗುಲ್ಮದ ಒಂದು ಭಾಗಕ್ಕೆ ಮಾತ್ರ ರಕ್ತ ಹೋಗದಂತೆ ತಡೆಯುವ ಎಂಬೊಲೈಸೇಷನ್ ಮಾಡಿಸಿಕೊಂಡವರ ಅನುಭವವೂ ಬೇಕು. ಗುಲ್ಮ ಇಲ್ಲದವರಿಗೆ ತೀವ್ರ ಸೋಂಕು ತರಬಲ್ಲ ಬ್ಯಾಕ್ಟೀರಿಯಾಗಳಾದ ನ್ಯುಮೊಕಾಕಸ್, ಮೆನಿಂಜೊಕಾಕಸ್ ಮತ್ತು ಹಿಬ್ ವಿರುದ್ಧದ ಲಸಿಕೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 2 ವಾರ ಮೊದಲೇ ಹಾಕಿಸಬೇಕೆಂಬುದು ಗೊತ್ತಿದೆ, ಅದಕ್ಕೆ ವ್ಯವಸ್ಥೆ ಆಗಿದೆ.

ಲಿವರ್ ಕಸಿ ತಜ್ಞರೊಬ್ಬರ ಎರಡನೇ ಅಭಿಪ್ರಾಯ ಪಡೆಯದೆ ಒಪ್ಪಿಗೆ ಕೊಡುವುದಿಲ್ಲ. ಅವರನ್ನು ತಪ್ಪದೆ ಕೇಳಬೇಕಾದ ಪ್ರಶ್ನೆಗಳು ನಿಮಗೆ ಹೊಳೆದರೆ ಇಲ್ಲಿ ಬರೆಯಿರಿ.