ಅಪ್‌ಡೇಟ್: ಅಕ್ಕನ ಮದುವೆ ಮೇಕಪ್, ಡ್ಯೂಯಿನಾ ಮ್ಯಾಟಾ?

ಮೇ ತಿಂಗಳ ಕಾರವಾರದ ಸೆಕೆಯಲ್ಲಿ, ಎಸಿ ಇಲ್ಲದ ಹಾಲ್‌ನಲ್ಲಿ ಅಕ್ಕನ ಮುಖಕ್ಕೆ ಡ್ಯೂಯಿ (ಹೊಳೆಯುವ ಮೇಕಪ್) ಮಾಡಲಾ, ಮ್ಯಾಟ್ (ಹೊಳಪಿಲ್ಲದ್ದು) ಮಾಡಲಾ ಅಂತ ಕೇಳಿದ್ದೆ ಅಲ್ವಾ? ಮದುವೆ ಚೆನ್ನಾಗಿ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೊನೆಗೆ ಎರಡನ್ನೂ ಮಾಡಿದೆ. ಹಣೆ, ಮೂಗು, ಗದ್ದಕ್ಕೆ ಮ್ಯಾಟ್ ಪ್ರೈಮರ್ (ಫೌಂಡೇಶನ್‌ಗೆ ಮೊದಲು ಹಚ್ಚುವ ಬೇಸ್), ಕೆನ್ನೆಗೆ ಬರೀ ಜೆಲ್ ಮಾಯಿಶ್ಚರೈಸರ್. ಫೌಂಡೇಶನ್ ತೆಳುವಾಗಿ, ಒದ್ದೆ ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿದೆ. ಕ್ರೀಮ್ ಬ್ಲಶ್, ಹೊಳಪು ಕೊಡುವ ಲಿಕ್ವಿಡ್ ಹೈಲೈಟರ್ ಎರಡನ್ನೂ ಪೌಡರ್‌ಗಿಂತ ಮೊದಲೇ ಹಚ್ಚಿಬಿಡಿ, ಟ್ರಯಲ್ ದಿನ ನಾನು ಪೌಡರ್ ಮೇಲೆ ಕ್ರೀಮ್ ಹಚ್ಚಿದ್ದಕ್ಕೆ ಎಲ್ಲಾ ತೇಪೆ ತೇಪೆಯಾಗಿ ಅಕ್ಕ ಅಳುವುದೊಂದು ಬಾಕಿ.

ಇನ್ನೊಂದು ಮುಖ್ಯ ವಿಷಯ. ಟ್ರಯಲ್‌ನಲ್ಲಿ ಹಚ್ಚಿದ್ದ ಬಿಳಿ ಸಿಲಿಕಾ ಪೌಡರ್ ಕಣ್ಣಿಗೆ ಕಾಣಿಸಲಿಲ್ಲ, ಆದರೆ ಫ್ಲ್ಯಾಶ್ ಫೋಟೋದಲ್ಲಿ ಕಣ್ಣಿನ ಕೆಳಗೆ ಬೂದಿ ಬಳಿದ ಹಾಗೆ ಬಂತು! ಮದುವೆ ದಿನ ಚರ್ಮದ ಬಣ್ಣದ ಪೌಡರ್ ತಗೊಂಡು ಮೂಗಿನ ಅಕ್ಕಪಕ್ಕ ಸ್ವಲ್ಪವೇ ಒತ್ತಿದೆ, ಕೆನ್ನೆಯ ಮೂಳೆ ಮೇಲೆ ಮುಟ್ಟಲೇ ಇಲ್ಲ. ಅಲ್ಲಿ ಹೊಳೆದರೆ ಕಳೆ, ಮೂಗಿನ ಮೇಲೆ ಹೊಳೆದರೆ ಎಣ್ಣೆ, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ಬೆವರು ಬಂದಾಗ ಉಜ್ಜಲಿಲ್ಲ. ಟಿಶ್ಯೂ ಒತ್ತಿ ತೆಗೆದು, ಆಮೇಲೆ ಚೂರು ಪೌಡರ್. ಊಟದ ಹೊತ್ತಿಗೂ ಅಬ್ಬಲಿಗೆ ದಂಡೆಯ ಕೆಳಗೆ ಅಕ್ಕನ ಮುಖ ಫ್ರೆಶ್ ಆಗೇ ಇತ್ತು, ನಂಗೆ ಕಣ್ಣು ತುಂಬಿ ಬಂತು.