ಅಪ್‌ಡೇಟ್: ಫ್ಯಾಮಿಲಿ ಜೊತೆ ಕಡಿಮೆ ಖರ್ಚಲ್ಲಿ ಕೊಡೈಕೆನಾಲ್, ಹೋಗಿ ಬಂದ್ವಿ

ಮಕ್ಕಳು, ಅತ್ತೆ-ಮಾವ ಎಲ್ರನ್ನೂ ಕಟ್ಕೊಂಡು ಕೊಡೈ ಲೇಕ್ ಹತ್ರ ದುಡ್ಡು ಸುರೀದೆ ಟೈಮ್ ಕಳೆಯೋದು ಹೇಗೆ ಅಂತ ಕೇಳಿದ್ನಲ್ಲ, ಅದರ ಕಥೆ ಇದು. ಬೆಳಿಗ್ಗೆ ಬೇಗ ಬಾಡಿಗೆ ಸೈಕಲ್ ತಗೊಂಡು ಕೆರೆ ಸುತ್ತು ಹಾಕಿ ಅಂದಿದ್ರಲ್ಲ, ಅವ್ರಿಗೆ ದೊಡ್ಡ ಥ್ಯಾಂಕ್ಸ್! ಒಂದು ಸುತ್ತು ಹತ್ತತ್ರ 5 ಕಿ.ಮೀ., ಏರು ಅಷ್ಟಾಗಿ ಇಲ್ಲ, ಆ ಹೊತ್ತಲ್ಲಿ ಗಾಡಿಗಳೂ ಕಮ್ಮಿ, ಮಗಳು ಚಳಿಗೆ ಮೂಗು ಸೊರ್ ಸೊರ್ ಅನ್ನಿಸ್ಕೊಂಡೇ ಪೂರ್ತಿ ತುಳಿದ್ಳು, ಮಧ್ಯೆ ನಿಲ್ಸಿದ್ದು ಬಿಸಿ ಜೋಳಕ್ಕೆ ಮಾತ್ರ. ಅಷ್ಟೊತ್ತಿಗೆ ಅತ್ತೆ-ಮಾವ ಪಕ್ಕದ ಬ್ರಯಂಟ್ ಪಾರ್ಕಲ್ಲಿ ಗುಲಾಬಿ ನೋಡ್ತಾ ಆರಾಮಾಗಿದ್ರು. ಬೋಟಿಂಗಲ್ಲಿ ಪೆಡಲ್ ಬೋಟೇ ಸಾಕು.

ವರ್ಕ್ ಆಗದೇ ಇದ್ದಿದ್ದು ಅಂದ್ರೆ ಟ್ಯಾಕ್ಸಿಲಿ ಎಲ್ಲಾ ಪಾಯಿಂಟೂ ಮುಗ್ಸಿ ಅನ್ನೋ ಐಡಿಯಾ. ಮಧ್ಯಾಹ್ನ ಪಿಲ್ಲರ್ ರಾಕ್ಸ್ ತಲುಪೋಷ್ಟರಲ್ಲಿ ಮಂಜು ಮುಚ್ಕೊಂಡು ಬಂಡೆನೇ ಕಾಣ್ಲಿಲ್ಲ, ಚಿಕ್ಕೋನು ತಿರುವಲ್ಲಿ ವಾಂತಿ ಬೇರೆ.

ಒಂದು ಆಶ್ಚರ್ಯ, ಆ ಕೆರೆ ತಾನಾಗೇ ಆಗಿದ್ದಲ್ಲವಂತೆ, 1863ರಲ್ಲಿ ತೊರೆಗೆ ಅಡ್ಡ ಕಟ್ಟಿ ಮಾಡಿದ್ದು. ಹಾಂ, ಸ್ವಂತ ಗಾಡೀಲಿ ಹೋಗೋರು ಇ-ಪಾಸ್ (ಅಲ್ಲಿಗೆ ಗಾಡಿ ಒಯ್ಯೋಕೆ ಆನ್‌ಲೈನಲ್ಲಿ ತಗೊಳ್ಳೋ ಅನುಮತಿ) ರೂಲ್ ಈಗ ಹೇಗಿದೆ ಅಂತ ಮೊದ್ಲೇ ನೋಡ್ಕೊಳಿ, 2024ರ ಮೇ ಇಂದ ಶುರುವಾಗಿದೆ. ಪ್ಲಾಸ್ಟಿಕ್ ಬಾಟ್ಲಿ ಬದ್ಲು ಸ್ಟೀಲ್ ಬಾಟ್ಲಿ ಒಯ್ಯಿರಿ.